ಮತ್ತೆ ಅದೇ 777

ಪ್ರಶ್ನೆ: ಹಳೇ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ 24.04 ಹಾಕಿ, ವೆಬ್ ಪುಟ ತೋರಿಸುವ ಸರ್ವರ್ ಎನ್‌ಜಿನ್‌ಎಕ್ಸ್ ಇನ್‌ಸ್ಟಾಲ್ ಮಾಡಿದೆ. ಅದರ ವೆಲ್ಕಮ್ ಪುಟ ಬಂತು. ನಮ್ಮ ಹೋಮ್‌ಸ್ಟೇಯ ಪುಟಗಳನ್ನು ನನ್ನ ಹೋಮ್ ಫೋಲ್ಡರಿನಲ್ಲಿಟ್ಟರೆ '403 ಫರ್ಬಿಡನ್' ಅನ್ನುತ್ತದೆ. ವಿಡಿಯೊ ನೋಡಿ ಆ ಫೋಲ್ಡರಿಗೆ ಚ್‌ಮೋಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಹೊಡೆದೆ. ಆದರೂ ಹಾಗೇ ಇದೆ. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. 777 ಹೊಡೆದರೂ ಹೋಗಲಿಲ್ಲ ಅಂದ್ರೆ ಕಾಯಿಲೆ ಅಲ್ಲಿಲ್ಲ ಅಂತ ತಾನೇ?

ಎನ್‌ಜಿನ್‌ಎಕ್ಸ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ. ಪುಟ ಓದಲು ಬರುವವನು 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಎಂಬ ಬೇರೆ ಯೂಸರ್. ಅವನು ನಡುಮನೆಗೆ ಬರಬೇಕಾದರೆ ಮೊದಲು ಉಣುಗೋಲು ದಾಟಬೇಕು, ಆಮೇಲೆ ಜಗಲಿ. ನೀವು ನಡುಮನೆಯ ಬಾಗಿಲನ್ನು ಕಿತ್ತೇ ಹಾಕಿದ್ದೀರಿ. ಉಣುಗೋಲು, ಅಂದ್ರೆ ನಿಮ್ಮ ಹೋಮ್ ಫೋಲ್ಡರ್, ಮಾತ್ರ ಹಾಕಿದಂತೇ ಇದೆ! 21.04ರಿಂದ ಈಚೆಗೆ ಉಬುಂಟು ಹೊಸ ಹೋಮ್ ಫೋಲ್ಡರಿಗೆ 750 ಕೊಡುತ್ತದೆ. ಕೊನೆಯ ಸೊನ್ನೆ ಅಂದ್ರೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ.

ನೇಮ್‌ಐ ಕಮಾಂಡಿಗೆ ಮೈನಸ್ ಎಲ್ ಸೇರಿಸಿ, ಪುಟದ ಪೂರ್ತಿ ಪಾತ್ ಕೊಡಿ. ಒಂದೊಂದು ಬಾಗಿಲಿನ ಪರ್ಮಿಷನ್ನೂ ಸಾಲಾಗಿ ಕಾಣುತ್ತದೆ. ಎರರ್ ಲಾಗ್‌ನಲ್ಲಿ '13: ಪರ್ಮಿಷನ್ ಡಿನೈಡ್' ಇದ್ದರೆ ಇದೇ ತೊಂದರೆ. 'ಡೈರೆಕ್ಟರಿ ಇಂಡೆಕ್ಸ್' ಎಂದೇನೋ ಗೊಣಗಿದ್ದರೆ ಇಂಡೆಕ್ಸ್ ಪುಟವೇ ಅದಕ್ಕೆ ಸಿಕ್ಕಿಲ್ಲ, ಅದು ಬೇರೆ ಕಥೆ.

ಹಾಗಂತ ಹೋಮ್ ಫೋಲ್ಡರನ್ನು ತೆರೆದಿಡಬೇಡಿ. ಪುಟಗಳನ್ನೇ 'ವಾರ್' ಒಳಗಿನ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಫೋಲ್ಡರಿಗೆ ಸಾಗಿಸಿ. ಫೋಲ್ಡರುಗಳಿಗೆ 755, ಫೈಲುಗಳಿಗೆ 644 (ಹೊರಗಿನವರು ಓದಬಹುದು, ಬರೆಯುವಂತಿಲ್ಲ). ಕಾನ್ಫಿಗ್‌ನಲ್ಲಿ ಪುಟಗಳ ಜಾಗ ಹೇಳುವ ರೂಟ್ ಸಾಲು ಬದಲಿಸಿ, ಎನ್‌ಜಿನ್‌ಎಕ್ಸ್ ಮೈನಸ್ ಟಿ ಕೊಟ್ಟು ತಪ್ಪಿಲ್ಲವೆಂದು ನೋಡಿಕೊಂಡು ರೀಲೋಡ್ ಮಾಡಿ. ಇದಕ್ಕೆಲ್ಲ ಸುಡೋ, ಅಂದ್ರೆ ಅಡ್ಮಿನ್ ಅಧಿಕಾರ, ಬೇಕು; ಅದನ್ನು ಇಲ್ಲಿ ಬಿಡಿಸಿ ಹೇಳುತ್ತಾ ಕೂರುವುದಿಲ್ಲ.

ಈ 777 ವಿಡಿಯೊ ಪಂಡಿತರ ಮೇಲೆ ನನಗೆ ಸಿಟ್ಟು ಸುಮ್ನೆ ಬಂದದ್ದಲ್ಲ. ಒಂದು ಆಷಾಢದಲ್ಲಿ ತೀರ್ಥಹಳ್ಳಿ ಕಡೆಯವರೊಬ್ಬರು ಅವರ ಮಾತು ಕೇಳಿ ಇಡೀ ಹೋಮ್ ಫೋಲ್ಡರಿಗೇ ಅದನ್ನು ಹೊಡೆದರು. ಯಾರು ಬೇಕಾದರೂ ಬರೆಯಬಹುದಾದ ಹೋಮ್‌ನೊಳಗಿನ ಕೀಯನ್ನು ದೂರದಿಂದ ಲಾಗಿನ್ ಆಗುವ ವ್ಯವಸ್ಥೆಯಾದ ಎಸ್‌ಎಸ್‌ಎಚ್ ನಂಬುವುದಿಲ್ಲ. ಲಾಗಿನ್ ಬಂದ್ ಆಯಿತು. ಪಾಸ್‌ವರ್ಡಿನಿಂದ ಹೋಗುವ ದಾರಿಯನ್ನು ಮೊದಲೇ ನಾನೇ ಮುಚ್ಚಿಸಿದ್ದೆ. ಶಿವಮೊಗ್ಗದಿಂದ ಆ ಮಳೆಯಲ್ಲಿ ಬೈಕಿನಲ್ಲಿ ಹೋಗಿ, ಮಾನಿಟರ್ ಸಿಕ್ಕಿಸಿ, ಒಂದು ಸಾಲು ಟೈಪ್ ಮಾಡಿ ವಾಪಸ್ ಬಂದೆ. ಜರ್ಕಿನ್ ಒಣಗಲು ನಾಲ್ಕು ದಿನ ಬೇಕಾಯಿತು.

ಪ್ರಶ್ನೆ: ಲಿನಕ್ಸಿಗೆ ವೈರಸ್ಸೇ ಬರಲ್ಲ ಅಂತಾರೆ, ಹೌದಾ? – ಭದ್ರಾವತಿ
ಉತ್ತರ: ಸುಳ್ಳು.

ಪ್ರಶ್ನೆ: ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಕರ್ಲ್‌ನಿಂದ ಇಳಿಸುತ್ತಲೇ ನೇರ ಸುಡೋ ಬ್ಯಾಶ್‌ಗೆ ಕೊಟ್ಟು ಓಡಿಸಬಹುದಾ? – ಹೊಸನಗರ
ಉತ್ತರ: ಇಳಿಸಿಕೊಂಡು ಮೊದಲು ಓದಿ. ಓದಲು ಬೇಜಾರಾದರೆ ಉಬುಂಟುವಿನದೇ ಇನ್‌ಸ್ಟಾಲ್ ಕಮಾಂಡಾದ ಏಪ್ಟ್‌ನಲ್ಲಿ ಸಿಗುವುದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನಾನು ಹಾಕಿದ ಸರ್ವೀಸನ್ನು ಕೈಯಾರೆ ಸ್ಟಾರ್ಟ್ ಮಾಡಬೇಕು. – ಆಗುಂಬೆ
ಉತ್ತರ: ಸಿಸ್ಟಮ್‌ಸಿಟಿಎಲ್‌ನಲ್ಲಿ ಸ್ಟಾರ್ಟ್ ಮಾತ್ರ ಕೊಟ್ಟಿದ್ದೀರಿ, ಮಷೀನ್ ಆನ್ ಆದಾಗ ತಾನೇ ಶುರುವಾಗಿಸುವ ಎನೇಬಲ್ ಕೊಟ್ಟಿಲ್ಲ. ಮತ್ತೆ, ಆಗುಂಬೆಯಲ್ಲಿದ್ದುಕೊಂಡು ಯುಪಿಎಸ್ ಇಲ್ಲವಾ?