‘ಚೆನ್ನಾಗಿದೆ’ ಅಂದಿದ್ದಕ್ಕೆ ಮೈದುನ ಕೆಲಸ ಬಿಡ್ತಾನಂತೆ!

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಮೈದುನ ದಾವಣಗೆರೆಯಲ್ಲಿ ಬ್ಯಾಂಕ್ ಆಫೀಸರ್. ಅವನಿಗೆ ಸಿನಿಮಾ ಹುಚ್ಚು. ಆಗಾಗ ಕಥೆಯ ಒನ್‌ಲೈನ್, ಅಂದರೆ ಒಂದೇ ಸಾಲಿನ ಸಾರಾಂಶ, ಬರೆದು ವಾಟ್ಸ್‌ಆ್ಯಪ್ ಮಾಡಿ ‘ಹೇಗಿದೆ ಅತ್ತಿಗೆ?’ ಎನ್ನುತ್ತಾನೆ. ಹೆಚ್ಚಿನವು ‘ಹಳ್ಳಿಯ ಮುಗ್ಧ ಹುಡುಗ ಬೆಂಗಳೂರಿಗೆ ಬಂದು ಪ್ರೀತಿಯ ನಿಜವಾದ ಅರ್ಥ ತಿಳಿಯುತ್ತಾನೆ’ ಎನ್ನುವಂಥವು. ಒಂದು ಮಾತ್ರ, ಸಾಲ ವಸೂಲಿ ಆಫೀಸರ್ ಒಬ್ಬ ಸ್ವಂತ ಮಾವನ ಮನೆಗೇ ನೋಟಿಸ್ ಅಂಟಿಸಬೇಕಾಗಿ ಬರುವ ಕಥೆ. ಬೇಜಾರಾಗದಿರಲಿ ಎಂದು ಎಲ್ಲಕ್ಕೂ ‘ಚೆನ್ನಾಗಿದೆ’ ಎಂದೆ. ಈಗ ‘ಅತ್ತಿಗೆಯೇ ಒಪ್ಪಿದ್ದಾರೆ’ ಎಂದು ಕೆಲಸ ಬಿಟ್ಟು ಇಲ್ಲಿಗೆ ಹೊರಟಿದ್ದಾನೆ. ಅತ್ತೆ ದಿನಾ ಫೋನ್ ಮಾಡಿ ‘ನೀನೇ ಏನಾದ್ರೂ ಹೇಳಮ್ಮ’ ಎನ್ನುತ್ತಾರೆ. ಗಂಡ ‘ಸುಮ್ನಿರು, ಆಮೇಲೆ ನಿನ್ನ ಮೇಲೇ ಬರುತ್ತೆ’ ಎನ್ನುತ್ತಾರೆ. ಸಾಲದ್ದಕ್ಕೆ, ಅವನು ಕಳಿಸಿದ ಒಂದು ಕಥೆ ನಮ್ಮ ಧಾರಾವಾಹಿಯ ಮುಂದಿನ ಟ್ರ್ಯಾಕನ್ನು, ಅಂದರೆ ಮುಂದೆ ಬರಲಿರುವ ಕಥೆಯ ಎಳೆಯನ್ನು, ಹೋಲುತ್ತದೆ. ನಾಳೆ ನಾನು ಕದ್ದೆ ಎಂದರೆ?
– ಒಬ್ಬ ಅತ್ತಿಗೆ, ಬೆಂಗಳೂರು

ಉತ್ತರ: ನೋಡಿ, ಆ ವಸೂಲಿ ಆಫೀಸರನ ಕಥೆಯನ್ನು ಒಂದು ಸಾಲಿನಲ್ಲಿ ಹೇಳಿ ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಆಮೇಲೆ ಏನಾಯಿತು, ನೋಟಿಸ್ ಅಂಟಿಸಿದನಾ ಇಲ್ವಾ, ಹೆಂಡತಿ ಏನಂದಳು? ಒನ್‌ಲೈನ್ ಮಾಡಬೇಕಾದ ಕೆಲಸ ಇದೇ ಅಲ್ವಾ? ಪ್ರೀತಿಯ ನಿಜವಾದ ಅರ್ಥ ತಿಳಿದ ಹುಡುಗನ ಬಗ್ಗೆ ನನಗೆ ಹೀಗೆ ಏನೂ ಕೇಳಬೇಕು ಅನ್ನಿಸಲಿಲ್ಲ. ನೀವು ಎರಡಕ್ಕೂ ‘ಚೆನ್ನಾಗಿದೆ’ ಅಂದಿರಿ. ಅವನಿಗೆ ಬೇಜಾರಾಗಲಿಲ್ಲ, ನಿಜ. ಆದರೆ ತಾನು ಬರೆದದ್ದರಲ್ಲಿ ಯಾವುದಕ್ಕೆ ಜೀವ ಇದೆ ಅನ್ನುವುದೂ ಗೊತ್ತಾಗಲಿಲ್ಲ.

2016ರಲ್ಲಿ ತೆರೆಗೆ ಬಂದ ‘ತಿಥಿ’ ನೆನಪಿಸಿಕೊಳ್ಳಿ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರಬೇಕು. ಜಮೀನು ಸೇರಬೇಕಾದ್ದು ಅಪ್ಪ ಗಡ್ಡಪ್ಪನಿಗೆ. ಆ ಮನುಷ್ಯನಿಗೋ ಆಸ್ತಿಯ ಗೊಡವೆಯೇ ಬೇಡ. ಯಾರು, ಏನು ಬೇಕು, ಯಾರು ಅಡ್ಡ, ಎಷ್ಟು ದಿನ, ಎಲ್ಲ ಬಂತು. ಜಗಳ ಹೊರಗಿನಿಂದ ಬರಬೇಕಾಗಿಲ್ಲ, ಮನೆಯೊಳಗೇ ಇದೆ. ತಮಾಷೆ ಅಂದರೆ, ನಿಮ್ಮ ಮೈದುನನ ಕೈಯಲ್ಲೂ ಅಂಥದ್ದೇ ಗಡುವು ಇದೆ. ಮನೆ ಅಡವಿಟ್ಟ ಸಾಲದ ಕಂತು ನಿಂತುಹೋದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಡಿಮ್ಯಾಂಡ್ ನೋಟಿಸ್ ಕೊಡುತ್ತದೆ. ತೀರಿಸಲು 60 ದಿನ. ತೀರಿಸದಿದ್ದರೆ ಬ್ಯಾಂಕ್ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಇದು ಅವನಿಗೆ ನನಗಿಂತ, ನಿಮಗಿಂತ ಚೆನ್ನಾಗಿ ಗೊತ್ತು. ಅವನು ಬರೆದ ಸಾಲಿನಲ್ಲಿ ಮಾತ್ರ ಆ 60 ದಿನ ಇಲ್ಲ. ಆಫೀಸಿನಲ್ಲಿ ಗೊತ್ತಿರುವುದೆಲ್ಲ ಸಿನಿಮಾಕ್ಕೆ ಬೇಡ ಅಂದುಕೊಂಡಿದ್ದಾನೋ ಏನೋ. ಹೊಸಬರು ಬಹಳ ಜನ ಹೀಗೇ.

ಈಗ ಅವನಿಗೆ ಹೇಗೆ ಹೇಳುವುದು? ಮೆಸೇಜಿನಲ್ಲಿ ಬೇಡ. ಫೋನ್ ಮಾಡಿ, ಸಾಧ್ಯವಾದರೆ ಎದುರಿಗೆ ಕೂತು ಹೇಳಿ. ಶುರುವಿನಲ್ಲೇ ‘ಇಷ್ಟು ದಿನ ನೀನು ಬೇಜಾರು ಮಾಡ್ಕೋತೀಯ ಅಂತ ಚೆನ್ನಾಗಿದೆ ಅಂದೆ. ಓದಿ ಯೋಚಿಸಿ ಹೇಳಿದ್ದಲ್ಲ’ ಎಂದುಬಿಡಿ. ಈ ಮಾತಿಗೆ ಅವನ ಮುಖ ಸಣ್ಣದಾಗುತ್ತದೆ, ಆಗಲಿ. ತಕ್ಷಣವೇ ಆಫೀಸರನ ಕಥೆಗೆ ಬನ್ನಿ, ಅದು ನಿಮ್ಮ ತಲೆಯಲ್ಲಿ ಯಾಕೆ ಉಳಿಯಿತು ಎಂದು ಹೇಳಿ. ಆಮೇಲೆ ಕೇಳಿ: ನೋಟಿಸ್ ಅಂಟಿಸದಿದ್ದರೆ ಅವನಿಗೆ ಏನಾಗುತ್ತದೆ? ಈ ಕೇಸು ಬೇರೆ ಆಫೀಸರ್‌ಗೆ ಕೊಡಿ ಎಂದು ಯಾಕೆ ಕೇಳುವುದಿಲ್ಲ? ಮಾವ ಸಾಲ ಮಾಡಿದ್ದು ಇವನ ಮದುವೆಗೇನಾ? ಉತ್ತರ ಮಾತ್ರ ನೀವು ಹೇಳಬೇಡಿ. ದಿನಾ ಸೀನ್ ಬರೆಯುವವರ ಬಾಯಲ್ಲಿ ಉತ್ತರ ತಾನಾಗಿ ಬಂದುಬಿಡುತ್ತದೆ. ಹಾಗೆ ಬಂದರೆ ಅದು ನಿಮ್ಮ ಕಥೆಯಾಗುತ್ತದೆ. ಅವನು ಮತ್ತೆ ‘ಹೇಗಿದೆ ಅತ್ತಿಗೆ’ ಎನ್ನುತ್ತಾ ಕೂರುತ್ತಾನೆ.

ಹಳ್ಳಿ ಹುಡುಗನ ಕಥೆಗಳ ಬಗ್ಗೆ ಹೆಚ್ಚು ಮಾತು ಬೇಡ. ‘ಇದರಲ್ಲಿ ಅವನಿಗೆ ಏನು ಬೇಕು ಅಂತ ನನಗೆ ಗೊತ್ತಾಗಲಿಲ್ಲ ಕಣೋ’ ಅಂದರೆ ಸಾಕು. ಹಳೇ ಕಥೆ, ನೂರು ಸಲ ಬಂದಿದೆ ಎಂದು ಹೇಳಬೇಡಿ. ಹಳೇ ಕಥೆಗಳೂ ಚೆನ್ನಾಗಿ ಓಡಿವೆ.

ಕೆಲಸ ಬಿಡುವ ವಿಷಯವೇ ಬೇರೆ. ಒಳ್ಳೆಯ ಒನ್‌ಲೈನ್ ಒಂದು ರಾತ್ರಿಯಲ್ಲಿ ಹೊಳೆಯಬಹುದು. ಚಿತ್ರಕಥೆ ಬರೆಯಲು ತಿಂಗಳುಗಟ್ಟಲೆ ಬೇಕು, ಇಂಟರ್ವಲ್ ಆದ ಮೇಲೆ ಕಥೆ ಎಲ್ಲಿಗೆ ಹೋಗುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಒನ್‌ಲೈನ್ ನೋಡಿ ‘ಕೆಲಸ ಬಿಡು’ ಅಥವಾ ‘ಬಿಡಬೇಡ’ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಇದನ್ನು ಹೀಗೇ ಹೇಳಿ. ‘ಕೆಲಸದಲ್ಲಿದ್ದುಕೊಂಡೇ ಈ ಒಂದು ಕಥೆಗೆ ಪೂರ್ತಿ ಚಿತ್ರಕಥೆ ಬರಿ, ನಾನು ಓದ್ತೀನಿ’ ಎನ್ನಿ. ಜೊತೆಗೆ ನಿಮಗೆ ಸಂಭಾವನೆ ಯಾವಾಗ ಬರುತ್ತದೆ, ಎಷ್ಟು ಕಂತಿನಲ್ಲಿ, ಯಾವ ಕಂತು ಬಾಕಿ ಉಳಿದಿದೆ ಎಂದು ಲೆಕ್ಕ ತೋರಿಸಿ. ಉಪದೇಶಕ್ಕಿಂತ ಬ್ಯಾಂಕಿನವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ. ಅಷ್ಟಾದ ಮೇಲೂ ರಾಜೀನಾಮೆ ಕೊಟ್ಟರೆ ಅದು ಅವನು ತೆಗೆದುಕೊಂಡ ತೀರ್ಮಾನ. ನೀವು ಅದನ್ನು ಹೊತ್ತುಕೊಳ್ಳಬೇಕಾಗಿಲ್ಲ.

ಕದ್ದ ಆರೋಪಕ್ಕೆ ಕಾನೂನಿನಲ್ಲಿ ನೀವು ಅಷ್ಟು ಹೆದರಬೇಕಾಗಿಲ್ಲ. 1978ರಲ್ಲಿ ಆರ್.ಜಿ. ಆನಂದ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇದು: ಬರೀ ಕಥಾವಸ್ತುವಿಗೆ, ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಬರೆದ ರೀತಿಗೆ ಇದೆ. ಆನಂದ್ ತಮ್ಮ ನಾಟಕವನ್ನು ನಿರ್ದೇಶಕರಿಗೆ ಪೂರ್ತಿ ಓದಿ ಹೇಳಿದ್ದರು. ಆಮೇಲೆ ಬಂದ ಸಿನಿಮಾ ತನ್ನ ನಾಟಕದ ನಕಲು ಎಂದು ಕೇಸು ಹಾಕಿ ಸೋತರು. ಹೀಗಿದ್ದರೂ ಮನೆಯಲ್ಲಿ ಕೋರ್ಟಿನ ತೀರ್ಪು ನಡೆಯುವುದಿಲ್ಲ. ಆ ಎಪಿಸೋಡ್ ಪ್ರಸಾರವಾಗುವ ಮೊದಲೇ ‘ನಮ್ಮ ಟ್ರ್ಯಾಕಿನಲ್ಲೂ ಇಂಥದ್ದೊಂದು ಇದೆ, ನೀನು ಕಳಿಸೋ ಮೊದಲೇ ಬರೆದಾಗಿತ್ತು’ ಎಂದು ಅವನಿಗೆ ತಿಳಿಸಿ, ಅದು ನಿಜವಾಗಿದ್ದರೆ. ನಿಜವಲ್ಲದಿದ್ದರೆ ಈ ಹೋಲಿಕೆಯನ್ನು ಧಾರಾವಾಹಿಯ ತಂಡಕ್ಕೆ ಈಗಲೇ ಹೇಳಿ, ಎಪಿಸೋಡ್ ಬಂದ ಮೇಲಲ್ಲ. ಇನ್ನು ಮುಂದೆ ಚಾನೆಲ್ ಕಥೆಗಳಿಗೆ ಹತ್ತಿರವಿರುವುದನ್ನು ಕಳಿಸಬೇಡ ಎಂದುಬಿಡಿ. ಚಿತ್ರಕಥೆ ಮುಗಿದ ಮೇಲೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯನಾಗಿ ಆನ್‌ಲೈನ್‌ನಲ್ಲೇ ನೋಂದಾಯಿಸಲಿ.

ಅತ್ತೆಯವರಿಗೆ ‘ಕಥೆ ಬಗ್ಗೆ ಅವನ ಹತ್ರ ಮಾತಾಡಿದ್ದೀನಿ ಅತ್ತೆ, ಕೆಲಸದ ವಿಷಯ ಅವನನ್ನೇ ಕೇಳಿ’ ಅಂದರೆ ಸಾಕು. ದಿನಾ ಫೋನ್ ಬರುವುದು ಅಷ್ಟಕ್ಕೇ ನಿಲ್ಲದಿದ್ದರೆ, ಸುಮ್ನಿರು ಎನ್ನುವ ನಿಮ್ಮ ಯಜಮಾನರ ಕೈಗೆ ಫೋನ್ ಕೊಡಿ. ಅಮ್ಮ ಅವರದು, ತಮ್ಮನೂ ಅವರವನೇ.