ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿ ಇದ್ದರೆ ವಿಜ್ಞಾನದ ಪ್ರಯೋಗ ಹೇಗೆ ಮಾಡಿಸುವುದು?

ನಿಮ್ಮ ಹತ್ತನೇ ತರಗತಿಗೆ ದೃಷ್ಟಿ ಇಲ್ಲದ ಹುಡುಗಿ ಬಂದಿದ್ದಾಳೆ, ಪಾಠ ಚೆನ್ನಾಗಿ ಹಿಡಿಯುತ್ತಾಳೆ, ಲ್ಯಾಬ್‌ನಲ್ಲಿ ಮಾತ್ರ ಸುಮ್ನೆ ಕೂತಿರುತ್ತಾಳೆ ಅಂದಿದ್ದೀರಿ. ನಾನೂ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಇಂಥ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅವಳಿಗೆಂದು ಬೇರೆ ಕೆಲಸ ಹುಡುಕಬೇಡಿ. ಪ್ರಯೋಗವನ್ನೇ ಸ್ವಲ್ಪ ಬದಲಿಸಿ, ಇಡೀ ತರಗತಿ ಅದನ್ನೇ ಮಾಡಲಿ.

ಆಮ್ಲ, ಪ್ರತ್ಯಾಮ್ಲದ ಪಾಠದಿಂದಲೇ ಶುರು ಮಾಡಿ. ನಮ್ಮದು ಎನ್‌ಸಿಇಆರ್‌ಟಿ ಪುಸ್ತಕ ಅಲ್ವಾ, ಈರುಳ್ಳಿಯ ಚಟುವಟಿಕೆ ಅದರಲ್ಲೇ ಇದೆ. ಬಣ್ಣ ನೋಡಿ ಹೇಳುವ ಲಿಟ್ಮಸ್ ಕಾಗದ ಕೈಗೆ ಸಿಗುತ್ತದೆ ಅಂತ ನಾವು ಅದನ್ನು ದಾಟಿ ಹೋಗುತ್ತೇವೆ. ಹೆಚ್ಚಿದ ಈರುಳ್ಳಿಯನ್ನೂ ಬಟ್ಟೆ ಚೂರುಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಮರುದಿನ ಒಂದು ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್ ಕೆಲವು ಹನಿ ಹಾಕಿ, ನೀರಲ್ಲಿ ತೊಳೆದು ಮೂಸಲು ಕೊಡಿ. ಆಮ್ಲ ಬಿದ್ದ ಬಟ್ಟೆ ಇನ್ನೂ ಈರುಳ್ಳಿ ನಾರುತ್ತಿರುತ್ತದೆ, ಇನ್ನೊಂದರಲ್ಲಿ ವಾಸನೆಯೇ ಇರುವುದಿಲ್ಲ. ವೆನಿಲಾ ಎಸೆನ್ಸ್‌ನಲ್ಲೂ ಹೀಗೇ ಆಗುತ್ತದೆ. ಯಾವುದು ಆಮ್ಲ ಅಂತ ಅವಳೇ ಹೇಳುತ್ತಾಳೆ, ಯಾರ ಬಾಯಿಂದಲೂ ಕೇಳಬೇಕಿಲ್ಲ.

ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆಯೇ ಅಂತ ನೋಡುವಾಗ ಬಲ್ಬಿನ ಜಾಗದಲ್ಲಿ ಚಿಕ್ಕ ಬಜರ್ ಹಾಕಿ. ಅದಕ್ಕೆ ಪ್ಲಸ್, ಮೈನಸ್ ಸರಿಯಾಗಿ ಜೋಡಿಸಬೇಕು, ಅಷ್ಟೇ. ಹೈಡ್ರೋಜನ್ ಪರೀಕ್ಷೆಯಲ್ಲಿ ‘ಪಾಪ್’ ಸದ್ದು ಹೇಗೂ ಇದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬೀಕರ್ ಬಿಸಿಯಾಗುವುದು ಹೊರಗಿನಿಂದ ಮುಟ್ಟಿದರೇ ಗೊತ್ತಾಗುತ್ತದೆ. ಸುಣ್ಣದ ತಿಳಿ ಹಾಲಿನಂತಾಗುವುದನ್ನು ಮಾತ್ರ ಜೊತೆಗಾರ ಹೇಳಲಿ, ಅದು ಯಾವ ಅನಿಲ ಅಂತ ಅವಳು ಹೇಳಲಿ.

ಜೊತೆಗಾರನ ವಿಷಯದಲ್ಲೇ ಜಾಸ್ತಿ ಎಚ್ಚರ ಬೇಕು. ಒಳ್ಳೆಯ ಮನಸ್ಸಿನ ಮಕ್ಕಳು ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ಅಳೆಯುವ ಕೆಲಸ ಅವಳದ್ದೇ ಅಂತ ಮೊದಲೇ ಹೇಳಿ. ಸೂಜಿ ಇಲ್ಲದ ಸಿರಿಂಜಿನ ದಂಡದ ಮೇಲೆ ಬೇಕಾದ ಅಳತೆಗೆ ಕಚ್ಚು ಮಾಡಿಕೊಟ್ಟರೆ ಉಗುರಿನಿಂದಲೇ ತಿಳಿಯುತ್ತದೆ. ಆಮ್ಲದ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಪ್ರತ್ಯಾಮ್ಲಕ್ಕೆ ಎರಡು. ಕನ್ನಡಕ, ಕೈಗವಸು ಎಲ್ಲರಿಗೂ ಇರಲಿ. ಗಾಜು ಒಡೆಯುತ್ತಾಳೆ ಅನ್ನುವ ಭಯವೇ? ನಮ್ಮ ಲ್ಯಾಬಿನ ಪ್ರನಾಳಗಳನ್ನೆಲ್ಲ ಒಡೆದವರು ಕಣ್ಣಿದ್ದವರೇ ಬಿಡಿ.

ಬೋರ್ಡಿನ ಮುಂದೆ ನಿಂತು ‘ಇದನ್ನು ಇದಕ್ಕೆ ಸೇರಿಸಿದರೆ’ ಅನ್ನಬೇಡಿ, ಹೆಸರು ಹಿಡಿದು ಹೇಳಿ. ಚಿತ್ರಗಳಿಗೆ ರಬ್ಬರ್ ಹಾಳೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಗೆರೆ ಉಬ್ಬಿ ಬೆರಳಿಗೆ ಸಿಗುತ್ತದೆ. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ಶಿಕ್ಷಕರು ಇರುತ್ತಾರೆ, ಅವರನ್ನು ಲ್ಯಾಬ್ ಪೀರಿಯಡ್ ಇರುವ ದಿನವೇ ಕರೆಯಿರಿ.

ಪಿಯುಸಿಯಲ್ಲಿ ವಿಜ್ಞಾನ ಬೇಡ, ಆರ್ಟ್ಸ್ ಸಾಕು ಅಂತ ಅವಳಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದೆಹಲಿಯ ಕಾರ್ತಿಕ್ ಸಾಹ್ನಿಗೆ ದೃಷ್ಟಿ ಇರಲಿಲ್ಲ. ಅವರು ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿ, 2013ರಲ್ಲಿ ಪಾಸಾಗಿ, ಸ್ಟ್ಯಾನ್‌ಫರ್ಡ್‌ಗೆ ಹೋದರು. ಇನ್ನು ಪರೀಕ್ಷೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಬರೆಯುವವರ ನೆರವಿನ ಜೊತೆಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿದ್ದಾರೆ. ಅಂಗವೈಕಲ್ಯ ಪ್ರಮಾಣಪತ್ರ ಸರಿ ಇದೆಯೇ ಅಂತ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮುಂಚೆಯೇ ಹೆಡ್‌ಮಾಸ್ಟರ್ ಜೊತೆ ಕೂತು ನೋಡಿಕೊಳ್ಳಿ.