ತೋಟದ ಕಚೇರಿಯ ಸಂಬಳ, ಪಿಂಚಣಿ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿಸಿ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತೆ) ಆಗಿದ್ದೇನೆ. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ಸಂಬಳದ ಪಟ್ಟಿ, ಪಿಎಫ್ (ಭವಿಷ್ಯ ನಿಧಿ), ಪಿಂಚಣಿಯ ಕಾಗದಪತ್ರ ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಕಾನೂನು ಬದಲಾಗುತ್ತಲೇ ಇರುವುದರಿಂದ ಯಾವ ಕೋರ್ಸಿಗೆ ಸೇರುವುದು ಒಳ್ಳೆಯದು?
– ಓದುಗರು, ಸಿದ್ದಾಪುರ

ಉತ್ತರ: ಚಾರ್ಟರ್ಡ್ ಅಕೌಂಟೆಂಟರು ನಿಗದಿತ ಗಂಟೆಗಳ ಮುಂದುವರಿದ ಕಲಿಕೆಯನ್ನು ಪೂರೈಸಲೇಬೇಕೆಂಬ ನಿಯಮವಿದೆ. ಬ್ರಿಟನ್ನಿನಲ್ಲಿ ಪೇರೋಲ್ (ಸಂಬಳದ ಲೆಕ್ಕ) ವೃತ್ತಿಯವರಿಗೇ ಮೀಸಲಾದ, 2010ರಲ್ಲಿ ರಾಜಸನದು ಪಡೆದ ಸಂಸ್ಥೆಯೂ ಇದೆ. ನಮ್ಮಲ್ಲಿ ಸಂಬಳದ ಲೆಕ್ಕ ಬರೆಯುವವರ ಮೇಲೆ ಅಂಥ ಕಟ್ಟಳೆಯಿಲ್ಲವಾದ್ದರಿಂದ ಕಲಿಕೆಯ ಹೊಣೆ ನಿಮ್ಮದೇ. ಕೋರ್ಸ್ ಬೇಡವೆನ್ನಲಾರೆ, ಶುಲ್ಕ ಕಟ್ಟುವ ಮೊದಲು ಅದರ ಪಾಠ ಯಾವ ವರ್ಷದ ಕಾನೂನಿನದು ಎಂದು ಮಾತ್ರ ಕೇಳಿ ನೋಡಿ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹಳೆಯ ಟಿಪ್ಪಣಿಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದಾಗಿವೆ.

ಹೊಸ ನಿಯಮವನ್ನು ಓದಿ ಬಿಡುವುದಕ್ಕಿಂತ ನಿಮ್ಮದೇ ಪಟ್ಟಿಯ ಒಂದು ಹೆಸರಿಗೆ ಅದನ್ನು ಅನ್ವಯಿಸಿ ನೋಡುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಗಟ್ಟಿಯಾದ ಕಲಿಕೆ. ಒಬ್ಬರ ಒಟ್ಟು ಸಂಬಳ 28,000 ರೂಪಾಯಿ, ಅದರಲ್ಲಿ ಮೂಲ ವೇತನ 10,000, ಉಳಿದದ್ದು ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ ಎಂದಿಟ್ಟುಕೊಳ್ಳೋಣ. ಹೊಸ ಸಂಹಿತೆಗಳ ಪ್ರಕಾರ ಇಂಥ ಭತ್ಯೆಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದಷ್ಟು ವೇತನಕ್ಕೆ ಸೇರುತ್ತದೆ. ಹಾಗಾಗಿ ಇಲ್ಲಿ ವೇತನ 14,000 ಆಗುತ್ತದೆ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನೂ ಅದರ ಮೇಲೆಯೇ ಲೆಕ್ಕ ಹಾಕಬೇಕಾಗುತ್ತದೆ.

ಪಿಂಚಣಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ನೀವು ಇಂದು ನಮೂದಿಸಿದ ದಿನಾಂಕದ ಫಲ ಕಾರ್ಮಿಕರಿಗೆ ತಿಳಿಯುವುದು ಅವರಿಗೆ 58 ತುಂಬಿದಾಗ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಪರಿಗಣಿಸುವ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ಪೂರೈಸಿದವರಿಗೆ ಇನ್ನೂ 2 ವರ್ಷ ಸೇರಿಸುತ್ತಾರೆ. ಸರಾಸರಿ ವೇತನ 12,000 ಇದ್ದು ಸೇವೆ 19 ವರ್ಷವಾದರೆ ತಿಂಗಳಿಗೆ ಸುಮಾರು 3,257 ರೂಪಾಯಿ, 20 ವರ್ಷವಾದರೆ 3,771. ಸೇರಿದ ದಿನಾಂಕವನ್ನು ತಪ್ಪಾಗಿ ಬರೆದು ಒಂದು ವರ್ಷ ಕಳೆದುಹೋದರೆ ಅವರಿಗೆ ತಿಂಗಳಿಗೆ ಐನೂರಕ್ಕೂ ಹೆಚ್ಚು ನಷ್ಟ, ಅದೂ ಜೀವನಪೂರ್ತಿ. 58 ತುಂಬಿದವರು ಕೆಲಸದಲ್ಲಿ ಮುಂದುವರಿದಾಗ ಮಾಲೀಕರ ಪಾಲಿನಿಂದ ಪಿಂಚಣಿಗೆ ಹೋಗುತ್ತಿದ್ದ ಶೇಕಡಾ 8.33ನ್ನು ನಿಲ್ಲಿಸಿ ಪೂರ್ತಿ ಪಿಎಫ್‌ಗೇ ಕಟ್ಟಬೇಕೆಂಬುದನ್ನು ಅನುಭವಸ್ಥ ರೈಟರುಗಳೂ ಮರೆಯುತ್ತಾರೆ.

ನಮ್ಮ ಕೊಡಗು ಜಿಲ್ಲೆಗೆ ಹೆಸರಿನ ತೊಡಕೂ ಇದೆ. ಕೊಡವರ ಮನೆತನದ ಹೆಸರು ಆಧಾರ್‌ನಲ್ಲಿ ಪೂರ್ತಿಯಾಗಿ, ಪಿಎಫ್ ದಾಖಲೆಯಲ್ಲಿ ಬರೀ ಇನಿಷಿಯಲ್ ಆಗಿ ಇರುವುದುಂಟು. ಮದುವೆಯಾದ ಹೆಣ್ಣುಮಕ್ಕಳದ್ದು ಬದಲಾಗಿಯೂ ಇರುತ್ತದೆ. ಅಸ್ಸಾಮಿನಿಂದ ಬಂದ ಕಾರ್ಮಿಕರ ಹೆಸರುಗಳನ್ನಂತೂ ಕಿವಿಗೆ ಬಿದ್ದಂತೆ ಬರೆಯದೆ ಆಧಾರ್ ನೋಡಿಯೇ ಬರೆಯಬೇಕು.

ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕೊಯ್ಲಿನಲ್ಲಿ ಓದಲು ನಿಮಗೆ ಪುರಸೊತ್ತು ಸಿಗದು. ಮಳೆಗಾಲದಲ್ಲಿ ಕುಳಿತು ಹಳೆಯ ಸೇವಾ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಬದಲಾದ ನಿಯಮ ಮತ್ತು ಅದು ಜಾರಿಯಾದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. (ಆ ತಿಂಗಳುಗಳಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಪಿಎಫ್ ಹಣ ಕಟ್ಟುವ ಚಲನ್‌ಗಾಗಿ ಕೊನೆಯ ದಿನವಾದ 15ನೇ ತಾರೀಕಿನವರೆಗೆ ಕಾಯಬೇಡಿ.)

ಪ್ರಶ್ನೆ: ಸುತ್ತೋಲೆಗಳು ಅರ್ಥವಾಗದಿದ್ದಾಗ ಯಾರನ್ನು ಕೇಳಬೇಕು?
– ಸಹಕಾರ ಸಂಘದ ಗುಮಾಸ್ತೆ, ಗೋಣಿಕೊಪ್ಪ

ಉತ್ತರ: ಭವಿಷ್ಯ ನಿಧಿ ಸಂಘಟನೆಯು 2023ರ ಜನವರಿಯಿಂದ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತಿದ್ದು, ಅಲ್ಲಿ ಸದಸ್ಯರ ದೂರುಗಳ ಜೊತೆಗೆ ಮಾಲೀಕರಿಗೂ ಅವರ ಸಿಬ್ಬಂದಿಗೂ ಮಾಹಿತಿ ಕೊಡುತ್ತಾರೆ. ಶಿಬಿರದ ಸ್ಥಳವನ್ನು ಮೊದಲೇ ವಿಚಾರಿಸಿಕೊಂಡು, ಸಂಬಂಧಪಟ್ಟ ಸದಸ್ಯರ ಯುಎಎನ್ (ಪಿಎಫ್ ಸದಸ್ಯತ್ವದ ಸಂಖ್ಯೆ) ಮತ್ತು ಸಂಶಯವಿರುವ ಸುತ್ತೋಲೆಯ ಪ್ರತಿಯೊಂದಿಗೆ ಹೋಗಿ.